ಮದುವೆ ಫೋಟೋ, ವಿಡಿಯೋ ಎಲ್ಲಾ ಲಾಕ್ ಆಗಿದೆ, 980 ಡಾಲರ್ ಕೇಳ್ತಿದ್ದಾರೆ. ಏನು ಮಾಡಲಿ?

ಸ್ಟುಡಿಯೋ ತಮ್ಮ

ಎಲ್ಲರಿಗೂ ನಮಸ್ಕಾರ. ಅಣ್ಣನದು ಫೋಟೋ ಸ್ಟುಡಿಯೋ. ಆಲ್ಬಮ್ ಮಾಡುವ ಕಂಪ್ಯೂಟರ್‌ಗೆ ಮೊನ್ನೆ ಒಂದು ಸಾಫ್ಟ್‌ವೇರ್‌ನ ಕ್ರ್ಯಾಕ್ (ದುಡ್ಡು ಕೊಡದೆ ಓಡಿಸುವ ಕಳ್ಳ ಕಾಪಿ) ಹಾಕಿದ್ದಾರೆ. ಸ್ವಲ್ಪ ಹೊತ್ತಿಗೆ ವಿಂಡೋಸ್ ಅಪ್‌ಡೇಟ್ ಆಗುವ ಹಾಗೆ ಒಂದು ಪರದೆ ಬಂತಂತೆ, ಅಪ್‌ಡೇಟ್ ತಾನೇ ಅಂತ ಊಟಕ್ಕೆ ಹೋಗಿ ಬಂದು ನೋಡಿದರೆ ಎಲ್ಲಾ ಫೈಲ್ ಹೆಸರಿನ ಕೊನೆಗೂ ಅರ್ಥವಿಲ್ಲದ ನಾಲ್ಕು ಅಕ್ಷರ ಸೇರಿಕೊಂಡಿದೆ, ಯಾವುದೂ ಓಪನ್ ಆಗುತ್ತಿಲ್ಲ. ಪ್ರತಿ ಫೋಲ್ಡರ್‌ನಲ್ಲೂ ರೀಡ್‌ಮೀ ಅಂತ ಒಂದು ಟೆಕ್ಸ್ಟ್ ಫೈಲ್ ಇದೆ. ಅದರಲ್ಲಿ 980 ಡಾಲರ್ ಕೊಡಿ, 72 ಗಂಟೆಯೊಳಗೆ ಮೇಲ್ ಮಾಡಿದರೆ 490 ಸಾಕು ಅಂತ ಬರೆದಿದ್ದಾರೆ. ಆಂಟಿವೈರಸ್ ಹಾಕಿ ವೈರಸ್ ತೆಗೆದರೆ ಫೈಲ್ ಸರಿ ಹೋಗುತ್ತಾ? ಈ ಸೀಸನ್ನಿನ ಮದುವೆಗಳೆಲ್ಲಾ ಅದರಲ್ಲೇ ಇವೆ.

ಮಲೆನಾಡಿಗ

ಮೊದಲು ಇಂಟರ್ನೆಟ್ ಕೇಬಲ್ ಕೀಳಿ, ವೈಫೈ ಆಫ್ ಮಾಡಿ. ಹೊರಗಿನ ಹಾರ್ಡ್‌ಡಿಸ್ಕ್, ಪೆನ್‌ಡ್ರೈವ್ ಯಾವುದನ್ನೂ ಅದಕ್ಕೆ ಚುಚ್ಚಬೇಡಿ. ಮಿಕ್ಕಿದ್ದು ಆಮೇಲೆ.

ರಾತ್ರಿಪಾಳಿ

ನೀವು ಹೇಳಿದ್ದನ್ನು ನೋಡಿದರೆ ಇದು ರ್ಯಾನ್ಸಮ್‌ವೇರ್, ಅಂದರೆ ಫೈಲ್ ಲಾಕ್ ಮಾಡಿ ದುಡ್ಡು ಕೇಳುವ ವೈರಸ್. ಅದರಲ್ಲೂ ಸ್ಟಾಪ್ ಡಿಜೆವಿಯು (STOP/Djvu) ಅನ್ನುವ ಕುಟುಂಬದ್ದು. 2018ರಿಂದ ಓಡಾಡುತ್ತಿದೆ. ದೊಡ್ಡ ಕಂಪನಿಗಳ ತಂಟೆಗೆ ಹೋಗುವುದು ಕಡಿಮೆ, ಕ್ರ್ಯಾಕ್, ಕೀಜೆನ್ (ಸುಳ್ಳು ಲೈಸೆನ್ಸ್ ನಂಬರ್ ಕೊಡುವ ಪ್ರೋಗ್ರಾಮ್), ವಿಂಡೋಸ್ ಆಕ್ಟಿವೇಟರ್ ಹುಡುಕುವ ನಮ್ಮಂಥವರನ್ನೇ ಹಿಡಿಯುತ್ತದೆ. ಆ ಅಪ್‌ಡೇಟ್ ಪರದೆಯೂ ಸುಳ್ಳು, ಅದರ ಹಿಂದೆ ಫೈಲ್ ಲಾಕ್ ಮಾಡುವ ಕೆಲಸ ನಡೀತಿತ್ತು.

ನಿಮ್ಮ ಪ್ರಶ್ನೆಗೆ ಉತ್ತರ: ಇಲ್ಲ. ವೈರಸ್ ತೆಗೆಯುವುದು ಒಂದು ಕೆಲಸ, ಫೈಲ್ ಬಿಡಿಸುವುದು ಬೇರೆಯೇ ಕೆಲಸ. ಕಳ್ಳನನ್ನು ಮನೆಯಿಂದ ಓಡಿಸಿದರೂ ಅವನು ಬೀರುವಿಗೆ ಹಾಕಿದ ಬೀಗ ಹಾಗೇ ಇರುತ್ತದೆ, ಬೀಗದ ಕೈ ಅವನ ಹತ್ತಿರವೇ ಇರುತ್ತದೆ. ಆದರೂ ವೈರಸ್ ತೆಗೆಯಲೇಬೇಕು, ಯಾಕಂದ್ರೆ ಇದು ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ (ಹೊತ್ತಿಗೆ ಸರಿಯಾಗಿ ಪ್ರೋಗ್ರಾಮ್ ಓಡಿಸುವ ಜಾಗ) ಟೈಮ್ ಟ್ರಿಗರ್ ಟಾಸ್ಕ್ ಅಂತ ಒಂದನ್ನು ಇಟ್ಟುಕೊಂಡು ಮತ್ತೆ ಮತ್ತೆ ಎದ್ದು ಬರುತ್ತದೆ. ನೀವು ಹೊಸದಾಗಿ ಹಾಕಿದ ಫೈಲೂ ಲಾಕ್ ಆಗುತ್ತದೆ. ಯಾವ ಸೈಟ್ ಎಲ್ಲಿದೆ ಅಂತ ವಿಂಡೋಸ್ ನೋಡಿಕೊಳ್ಳುವ ಹೋಸ್ಟ್ಸ್ ಫೈಲ್ ತಿದ್ದಿ ಆಂಟಿವೈರಸ್ ಸೈಟ್‌ಗಳು ತೆರೆಯದ ಹಾಗೂ ಮಾಡುತ್ತದೆ. ವಿಂಡೋಸ್ ತಾನೇ ಇಟ್ಟುಕೊಂಡಿರುವ ಫೈಲ್‌ಗಳ ಹಳೆಯ ಪ್ರತಿಗಳನ್ನೂ (ಶ್ಯಾಡೋ ಕಾಪಿ) ಅಳಿಸಿಬಿಡುತ್ತದೆ.

ನನ್ನ ಮಾತು ಕೇಳಿ, ಆ ಡಿಸ್ಕ್ ಬಿಚ್ಚಿ ಪಕ್ಕಕ್ಕಿಡಿ. ಹೊಸ ಎಸ್‌ಎಸ್‌ಡಿ ಹಾಕಿ ವಿಂಡೋಸ್ ಹೊಸದಾಗಿ ಹಾಕಿ. ಹಳೆಯ ಡಿಸ್ಕ್‌ನಲ್ಲಿ ಯಾವ ಫೈಲನ್ನೂ ಅಳಿಸಬೇಡಿ, ಹೆಸರು ಬದಲಾಯಿಸಬೇಡಿ, ಆ ರೀಡ್‌ಮೀ ಕೂಡ ಇರಲಿ. ಅದರ ಕೊನೆಯಲ್ಲಿ ಪರ್ಸನಲ್ ಐಡಿ ಅಂತ ಒಂದು ಉದ್ದನೆಯ ಸಾಲಿದೆ. ಅದು ಟಿ1 ಅಂತ ಮುಗಿಯುತ್ತಾ ನೋಡಿ ಹೇಳಿ.

ಇನ್ನೊಂದು ಮಾತು, ಇದನ್ನು ಯಾರೂ ಗಮನಿಸುವುದೇ ಇಲ್ಲ. ಇದರ ಜೊತೆಗೆ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮೂ ಹೆಚ್ಚಾಗಿ ಬಂದಿರುತ್ತದೆ. ಬೇರೆ ಫೋನ್‌ನಿಂದ ಅಣ್ಣನ ಮೇಲ್, ಬ್ಯಾಂಕ್, ಇನ್‌ಸ್ಟಾಗ್ರಾಮ್ ಪಾಸ್‌ವರ್ಡ್ ಇವತ್ತೇ ಬದಲಾಯಿಸಿ.

ಸ್ಟುಡಿಯೋ ತಮ್ಮ

ಟಿ1 ಇಲ್ಲ. ಬೇರೆ ಅಕ್ಷರಗಳಿವೆ. ಇಲ್ಲೇ ಒಂದು ಕಂಪ್ಯೂಟರ್ ಅಂಗಡಿಯವರು 60 ಸಾವಿರ ಕೊಡಿ, ಪೂರ್ತಿ ಬಿಡಿಸಿಕೊಡ್ತೀವಿ ಅಂತಿದ್ದಾರೆ. ಕೊಡಬಹುದಾ?

ರಾತ್ರಿಪಾಳಿ

ದಯವಿಟ್ಟು ಬೇಡ. ಟಿ1 ಇದ್ದರೆ ಆಫ್‌ಲೈನ್ ಕೀ. ಅಂದರೆ ವೈರಸ್‌ಗೆ ಅದರ ಸರ್ವರ್ ಸಿಗದೆ ಒಳಗೇ ಇದ್ದ ಕೀ ಬಳಸಿದೆ, ಅದೇ ಕೀ ಎಷ್ಟೋ ಜನರ ಕಂಪ್ಯೂಟರಿಗೂ ಬಿದ್ದಿರುತ್ತದೆ, ಅದು ಸಿಕ್ಕಿದ್ದರೆ ಎಮ್ಸಿಸಾಫ್ಟ್ ಅನ್ನುವ ಆಂಟಿವೈರಸ್ ಕಂಪನಿಯವರ ಉಚಿತ ಡಿಕ್ರಿಪ್ಟರ್‌ನಲ್ಲೇ (ಲಾಕ್ ಬಿಡಿಸುವ ಟೂಲ್) ಫೈಲ್ ಬಿಡಿಸಬಹುದು. ನಿಮ್ಮದು ಆನ್‌ಲೈನ್ ಕೀ, ನಿಮ್ಮ ಕಂಪ್ಯೂಟರಿಗೆ ಮಾತ್ರ ಸೇರಿದ್ದು. ಅದನ್ನು ಒಡೆಯುವುದು ಅಂಗಡಿಯವರಿಗಿರಲಿ, ಯಾರಿಗೂ ಆಗುವುದಿಲ್ಲ. ಪೂರ್ತಿ ಬಿಡಿಸ್ತೀವಿ ಅನ್ನುವವರು ಒಂದೋ ಸುಳ್ಳು ಹೇಳ್ತಿದ್ದಾರೆ, ಇಲ್ಲಾ ನಿಮ್ಮ ದುಡ್ಡಲ್ಲೇ ವೈರಸ್ ಬಿಟ್ಟವರಿಗೆ ಕಟ್ಟಿ ನಡುವೆ ಲಾಭ ಇಟ್ಟುಕೊಳ್ತಾರೆ. ಕಟ್ಟಿದರೆ ಕೀ ಬಂದೇ ಬರುತ್ತೆ ಅನ್ನುವ ಖಾತ್ರಿಯೂ ಇಲ್ಲ.

ಲೆನ್ಸ್ ಕ್ಯಾಪ್

ಅಷ್ಟಕ್ಕೇ ಕೈಬಿಡಬೇಡಿ. ಇದು ಬೇಗ ಕೆಲಸ ಮುಗಿಸಬೇಕು ಅಂತ ಪ್ರತಿ ಫೈಲ್‌ನ ಮೊದಲ 150 ಕೆಬಿ ಮಾತ್ರ ಲಾಕ್ ಮಾಡುತ್ತದೆ. ವರ್ಡ್, ಎಕ್ಸೆಲ್ ಆದರೆ ಅಷ್ಟರಲ್ಲೇ ಪೂರ್ತಿ ಹೋಯಿತು. ಆದರೆ 4 ಜಿಬಿ ಮದುವೆ ವಿಡಿಯೋದಲ್ಲಿ 150 ಕೆಬಿ ಅಂದರೆ ಶುರುವಿನ ಚೂರು ಅಷ್ಟೇ. ಡಿಸ್ಕ್‌ಟ್ಯೂನಾದವರ ಮೀಡಿಯಾ ರಿಪೇರ್ ಅಂತ ಉಚಿತ ಟೂಲ್ ಇದೆ. ಅದೇ ಕ್ಯಾಮೆರಾದಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಒಂದು ಒಳ್ಳೆಯ ವಿಡಿಯೋ ಮಾದರಿಯಾಗಿ ಕೊಟ್ಟರೆ ಎಂಪಿ4, ಎಂಒವಿ ಎಷ್ಟೋ ಸಲ ಎದ್ದು ಕೂರುತ್ತವೆ. ಜೆಪೆಗ್ ಫೋಟೋಗೂ ಇದೇ ರೀತಿ ಬೇರೆ ಟೂಲ್‌ಗಳಿವೆ, ಮೇಲಿನ ಒಂದು ಪಟ್ಟಿ ಹೋಗಬಹುದು, ಬಣ್ಣ ಏರುಪೇರಾಗಬಹುದು, ಮಿಕ್ಕಿದ್ದು ಸಿಕ್ಕರೂ ಸಿಗುತ್ತದೆ. ಏನೇ ಮಾಡಿದರೂ ಕಾಪಿಯ ಮೇಲೆ ಮಾಡಿ.

ಅದಕ್ಕೂ ಮುಂಚೆ ಕ್ಯಾಮೆರಾದ ಮೆಮೊರಿ ಕಾರ್ಡ್‌ಗಳನ್ನೆಲ್ಲಾ ಎತ್ತಿಡಿ. ಫಾರ್ಮ್ಯಾಟ್ ಮಾಡಿದ್ದರೂ ಪರವಾಗಿಲ್ಲ, ಮೇಲೆ ಹೊಸ ಶೂಟ್ ಆಗಿಲ್ಲದಿದ್ದರೆ ಫೋಟೋರೆಕ್ ಅನ್ನುವ, ಅಳಿಸಿದ ಫೈಲ್ ವಾಪಸ್ ತೆಗೆಯುವ ಟೂಲ್ ಹಾಕಿ ತೆಗೆಯಬಹುದು. ನಾನಾದರೆ ಅಲ್ಲಿಂದಲೇ ಶುರು ಮಾಡ್ತೀನಿ. ಕಸ್ಟಮರ್‌ಗೆ ವಾಟ್ಸಾಪ್‌ನಲ್ಲಿ, ಗೂಗಲ್ ಡ್ರೈವ್‌ನಲ್ಲಿ ಕಳಿಸಿದ್ದೂ ಇರುತ್ತೆ ಅಲ್ವಾ, ಕೇಳಿ ನೋಡಿ.

ಸ್ಟುಡಿಯೋ ತಮ್ಮ

ಕಾರ್ಡ್‌ಗಳನ್ನು ಅಣ್ಣನ ಕೈಯಿಂದ ಇಸ್ಕೊಂಡೆ, ಎರಡು ಮದುವೆಯದು ಹಾಗೇ ಇದೆ! ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಪೊಲೀಸರಿಗೆ ಹೇಳಿದರೆ ಪ್ರಯೋಜನ ಇದೆಯಾ?

ಮಲೆನಾಡಿಗ

ಹೇಳಿ. ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಕೊಡಿ, ಬ್ಯಾಂಕ್ ದುಡ್ಡು ಏನಾದರೂ ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ. ಫೈಲ್ ವಾಪಸ್ ಬರುತ್ತೆ ಅಂತಲ್ಲ, ಆದರೆ ಮದುವೆಯವರು ಜಗಳಕ್ಕೆ ಬಂದರೆ ದೂರಿನ ನಂಬರ್ ಕೈಯಲ್ಲಿರುತ್ತದೆ. ರೀಡ್‌ಮೀಯ ಫೋಟೋ ಜೊತೆಗಿಡಿ.