ಮಂಗಳೂರಿಗೆ ಮರಳುವ ಮುನ್ನ ಮಗಳ ಪಾಲಿನ ಮಾತು

ಗುಂಪಿನ ಎಲ್ಲ ಮಿತ್ರರಿಗೆ ನಮಸ್ಕಾರ.

ಮಗಳು ದೊಡ್ಡವಳಾಗುವ ಮೊದಲೇ ಮಂಗಳೂರಿಗೆ ಮರಳಿಬಿಡೋಣವೇ ಎಂದು ದುಬೈಯ ಸದಸ್ಯರೊಬ್ಬರು ಕೇಳಿದ ಪ್ರಶ್ನೆಗೆ ಬಂದ ಉತ್ತರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಾಣಿಸಿತು. ನಮ್ಮದು ಅಳಿಯಕಟ್ಟಿನ (ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಪದ್ಧತಿಯ) ನಾಡು, ಅಲ್ಲಿ ಹೆಣ್ಣಿಗೆ ಹಿಂದಿನಿಂದಲೂ ಮರ್ಯಾದೆಯಿದೆ, ಸ್ತ್ರೀವಾದದ ಗದ್ದಲ ನಮಗೆ ಬೇಕಾಗಿಲ್ಲ ಎಂಬುದೇ ಆ ಮಾತು. ಕೆಲವು ವರ್ಷ ಹೊರದೇಶದಲ್ಲಿದ್ದು ಮಕ್ಕಳೊಡನೆ ಮಂಗಳೂರಿನಲ್ಲಿ ಮತ್ತೆ ನೆಲೆ ನಿಂತಿರುವ ನನಗೆ ಮರಳುವುದರ ಬಗ್ಗೆ ಯಾವ ತಕರಾರೂ ಇಲ್ಲ; ಈ ನಂಬಿಕೆಯ ಮೇಲೆ ಭಾರ ಹಾಕಿ ಮರಳುವುದರ ಬಗ್ಗೆ ಇದೆ.

ಬಂಟ, ಬಿಲ್ಲವ, ಮೊಗವೀರ ಮೊದಲಾದ ಸಮುದಾಯಗಳಲ್ಲಿ ಕುಟುಂಬದ ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುತ್ತಿದ್ದುದರಿಂದ, ಗಂಡ ತೀರಿಕೊಂಡರೂ ಬಿಟ್ಟುಹೋದರೂ ಹೆಣ್ಣಿಗೆ ಹಿಂದಿರುಗಲು ತನ್ನದೇ ಆದ ಮನೆಯೊಂದು ಇರುತ್ತಿತ್ತು. ಅದು ಸಣ್ಣ ಭದ್ರತೆಯೇನಲ್ಲ. ಆದರೆ ಗೇಣಿ ವಸೂಲಿ, ಸಾಲ, ವ್ಯಾಜ್ಯಗಳನ್ನೆಲ್ಲ ನೋಡಿಕೊಳ್ಳುವ ಯಜಮಾನಿಕೆ ಹೆಚ್ಚಿನ ಮನೆಗಳಲ್ಲಿ ಸೋದರಮಾವನ ಕೈಯಲ್ಲಿತ್ತು. ಹಿರಿಯ ಹೆಂಗಸು ಯಜಮಾನ್ತಿಯಾಗುವುದಕ್ಕೆ ಕಟ್ಟಿನಲ್ಲಿ ಅವಕಾಶವಿದ್ದರೂ ರೂಢಿಯಲ್ಲಿ ಅದು ಅಪರೂಪವಾಗಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕವರುಗಳಿಗೆ (ಕುಟುಂಬದೊಳಗಿನ ತಾಯಿಯ ಕಡೆಯ ಕವಲುಗಳಿಗೆ) ಪಾಲು ಕೇಳುವ ದಾರಿ ತೆರೆಯಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಆ ಪಾಲು ಮುಂದೆ ಇಳಿಯುವ ಬಗೆಯನ್ನೇ ಬದಲಿಸಿತು. ನಾವು ಹೊರದೇಶದಲ್ಲಿ ಕುಳಿತು ಹೆಮ್ಮೆಪಡುವ ವ್ಯವಸ್ಥೆ ನಮ್ಮ ಅಜ್ಜಿಯಂದಿರ ಕಾಲದಲ್ಲೇ ಬಹುಮಟ್ಟಿಗೆ ಕರಗಿಹೋಗಿತ್ತು. ಅದೇ ಮನೆಗಳ ಮದುವೆ ಮಾತುಕತೆಯಲ್ಲಿ ಇಂದು ಎಷ್ಟು ಪವನು ಚಿನ್ನ ಎಂಬ ಲೆಕ್ಕ ನಡೆಯುತ್ತದೆ ಎಂಬುದನ್ನು ಈ ಗುಂಪಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಆಸ್ತಿ ತಂದೆಯಿಂದ ಮಕ್ಕಳಿಗೆ ಇಳಿಯುವ ಮಕ್ಕಳಕಟ್ಟಿನ ಮನೆಗಳ ಕಥೆ ಬೇರೆ. ಕರ್ನಾಟಕವು 1994ರಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತಾದರೂ, ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು, ಮತ್ತು ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲ, ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿತು. ಕಾಗದದ ಮೇಲೆ ಇಷ್ಟೆಲ್ಲ ಇತ್ಯರ್ಥವಾದ ಮೇಲೆಯೇ ನಮ್ಮಂಥವರ ಮನೆಗಳಲ್ಲಿ ಹಕ್ಕು ಬಿಡುಗಡೆ ಪತ್ರದ ಮಾತು ಶುರುವಾಗುತ್ತದೆ. ತಂಗಿ ಮಸ್ಕತ್‌ನಲ್ಲೋ ನ್ಯೂಜೆರ್ಸಿಯಲ್ಲೋ ಇದ್ದಾಳೆ, ಅವಳಿಗೆ ಈ ಹತ್ತು ಸೆಂಟ್ಸ್ ಜಾಗ ಯಾಕೆ, ಮದುವೆಗೆ ಚಿನ್ನ ಹಾಕಿಲ್ಲವೇ, ಅಪ್ಪ ಅಮ್ಮನನ್ನು ನೋಡಿಕೊಂಡದ್ದು ಅಣ್ಣನಲ್ಲವೇ ಎನ್ನುತ್ತಾರೆ. (ನೋಡಿಕೊಂಡದ್ದು ಸಾಮಾನ್ಯವಾಗಿ ಅತ್ತಿಗೆ, ಆಕೆಗೂ ಅದರಲ್ಲಿ ಪಾಲಿಲ್ಲ ಎಂಬುದು ಬೇರೆಯೇ ಅಧ್ಯಾಯ.) ಕಾನ್ಸುಲೇಟಿನಲ್ಲಿ ದೃಢೀಕರಿಸಿದ ಪವರ್ ಆಫ್ ಅಟಾರ್ನಿ ಊರಿಗೆ ಬರುತ್ತದೆ, ಉಪನೋಂದಣಿ ಕಚೇರಿಯಲ್ಲಿ ಕೆಲಸ ಮುಗಿಯುತ್ತದೆ, ಊರಿಗೆ ಬಂದಾಗ ತಂಗಿಗೆ ಒಳ್ಳೆಯ ಸೀರೆಯೊಂದು ಸಿಗುತ್ತದೆ. ಕ್ರೈಸ್ತ, ಮುಸ್ಲಿಂ ಕುಟುಂಬಗಳಿಗೆ ಅನ್ವಯಿಸುವ ಕಾನೂನು ಬೇರೆ. ಸಹಿ ಕೇಳುವ ಧಾಟಿ ಮಾತ್ರ ಒಂದೇ. ತನ್ನಿಚ್ಛೆಯಿಂದ ಬಿಟ್ಟುಕೊಡುವವರನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಹಾಕಿದ ಸಹಿಯನ್ನು ಪ್ರೀತಿ ಎಂದು ಕರೆಯಲಾರೆ.

ಮಗಳ ಓಡಾಟದ ವಿಚಾರಕ್ಕೆ ಬಂದರೆ, ಇದು ಸ್ವಾತಂತ್ರ್ಯ ಹೋರಾಟಗಾರ್ತಿ ಕಮಲಾದೇವಿ ಚಟ್ಟೋಪಾಧ್ಯಾಯರು ಹುಟ್ಟಿದ ಊರು. ಬಾಲವಿಧವೆಯಾಗಿದ್ದ ಅವರು ಮರುಮದುವೆಯಾಗಿ, 1926ರಲ್ಲಿ ಮದ್ರಾಸ್ ಶಾಸನಸಭೆಯ ಚುನಾವಣೆಗೆ ನಿಂತು ಸ್ವಲ್ಪದರಲ್ಲಿ ಸೋತರು. 1921ರಲ್ಲೇ ಸಂತ ಆಗ್ನೆಸ್ ಮಹಿಳಾ ಕಾಲೇಜು ಆರಂಭವಾದ ಊರೂ ಇದೇ. 2009ರ ಜನವರಿಯಲ್ಲಿ ಪಬ್ಬಿನಿಂದ ಹುಡುಗಿಯರನ್ನು ಹೊಡೆದು ಹೊರಗಟ್ಟಿದ್ದು, 2012ರ ಜುಲೈಯಲ್ಲಿ ಪಡೀಲಿನ ಹೋಂಸ್ಟೇಯೊಂದರಲ್ಲಿ ಹುಟ್ಟುಹಬ್ಬಕ್ಕೆ ಸೇರಿದ್ದ ಯುವಕ ಯುವತಿಯರ ಮೇಲೆ ಕೈಮಾಡಿದ್ದು ಕೂಡ ಇಲ್ಲೇ. ಪಬ್ ದಾಳಿಯ ಆರೋಪಿಗಳು 2018ರಲ್ಲಿ ದೋಷಮುಕ್ತರಾದರು. ಸುರಕ್ಷತೆಗಾಗಿ ಊರಿಗೆ ಬರುತ್ತೇವೆ ಎನ್ನುವವರು, ತರಗತಿಯ ಹುಡುಗನೊಡನೆ ಮಗಳು ಬಸ್‌ಸ್ಟ್ಯಾಂಡಿನಲ್ಲಿ ಮಾತನಾಡುತ್ತ ನಿಂತಾಗ ಅಪರಿಚಿತನೊಬ್ಬ ಬಂದು ಹೆಸರು, ಜಾತಿ, ಧರ್ಮ ವಿಚಾರಿಸಿದರೆ ತಾವು ಯಾರ ಪಕ್ಷ ವಹಿಸುತ್ತೇವೆ ಎಂಬುದನ್ನು ಈಗಲೇ ಯೋಚಿಸಿರಬೇಕು. ನಾಳೆಯಿಂದ ನೇರ ಮನೆಗೆ ಬಾ ಎಂದು ಮಗಳಿಗೆ ಹೇಳುವುದು ಅತ್ಯಂತ ಸುಲಭದ ಉತ್ತರ. ಹೆಚ್ಚಿನವರು ಕೊಡುವುದೂ ಅದನ್ನೇ.

ನಮ್ಮ ಹೆಂಗಸರು ಮೊದಲಿನಿಂದಲೂ ದುಡಿಯುವವರು ಎಂಬ ಮಾತೂ ಬಂತು. ನಿಜ, ಬೀಡಿ ಕಟ್ಟಿದವರು, ಗೋಡಂಬಿ ಮತ್ತು ಹಂಚಿನ ಕಾರ್ಖಾನೆಗಳಲ್ಲಿ ದುಡಿದವರು, ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ನಡೆದವರು ಅವರೇ. ಸಾವಿರ ಬೀಡಿಗೆ ಇಷ್ಟೆಂದು ಸಿಕ್ಕ ಕೂಲಿಯಲ್ಲಿ ಎಷ್ಟೋ ಮಕ್ಕಳು ಓದಿ ಕೊಲ್ಲಿ ರಾಷ್ಟ್ರಗಳನ್ನು ಸೇರಿದರು. ಆದರೆ ಆ ದುಡಿಮೆ ಅವರಿಗೆ ಮನೆಯ ತೀರ್ಮಾನಗಳಲ್ಲಿ ಮಾತು ಕೊಟ್ಟಿತೇ? ನಮ್ಮ ತಲೆಮಾರಿನದೂ ಬೇರೆಯಲ್ಲ: ಅಮೆರಿಕದಲ್ಲಿ ಎಚ್-4 ವೀಸಾದ (ಅಲ್ಲಿ ಉದ್ಯೋಗ ವೀಸಾದಲ್ಲಿರುವವರ ಅವಲಂಬಿತರಿಗೆ ಕೊಡುವ ವೀಸಾ) ಹೆಂಡತಿಯರಲ್ಲಿ ಒಂದು ವರ್ಗಕ್ಕೆ ಕೆಲಸದ ಅನುಮತಿ ಸಿಕ್ಕಿದ್ದು 2015ರಲ್ಲಿ, ಅದಕ್ಕೂ ಮೊದಲು ಮನೆಯಲ್ಲಿ ಕುಳಿತ ಎಂಜಿನಿಯರುಗಳು ನಮ್ಮಲ್ಲಿ ಅನೇಕರಿದ್ದರು. ಈಗ ಮರಳುವ ಯೋಜನೆಯಲ್ಲಿಯೂ ಗಂಡನಿಗೆ ಬೆಂಗಳೂರಿನ ಕಂಪನಿಯ ವರ್ಕ್ ಫ್ರಮ್ ಹೋಮ್ ಸಿದ್ಧವಾಗಿರುತ್ತದೆ, ಹೆಂಡತಿಗೆ ಅತ್ತೆ ಮಾವಂದಿರ ಆರೈಕೆ ಕಾದಿರುತ್ತದೆ.

ಗಂಡುಮಕ್ಕಳ ಬಗ್ಗೆ ಚರ್ಚೆಯಲ್ಲಿ ಯಾರೂ ಸೊಲ್ಲೆತ್ತಲಿಲ್ಲ. ಊಟದ ತಟ್ಟೆ ತೊಳೆಯುವುದು ಮಗನ ಕೆಲಸವೂ ಹೌದೆಂದು ಹೊರದೇಶದಲ್ಲಿ ಕಲಿತವನು ಅಜ್ಜಿಯ ಮನೆಯಲ್ಲಿ ಒಂದೇ ರಜೆಯಲ್ಲಿ ಅದನ್ನು ಮರೆಯುವುದನ್ನು ನಾವೆಲ್ಲ ನೋಡಿದ್ದೇವೆ, ತಡೆಯುವುದಿಲ್ಲ.

ದುಬೈಯ ಮಿತ್ರರಿಗೆ ಕೊನೆಯದಾಗಿ ಒಂದು ಮಾತು. ಮರಳುವ ಮುನ್ನ, ಇಲ್ಲಿ ಕೊಳ್ಳಲಿರುವ ಫ್ಲ್ಯಾಟ್ ಯಾರ ಹೆಸರಿನಲ್ಲಿರುತ್ತದೆ, ತಮ್ಮ ಪತ್ನಿಯವರ ಉದ್ಯೋಗ ಏನಾಗುತ್ತದೆ ಎಂಬುದನ್ನು ಇಬ್ಬರೂ ಕುಳಿತು ಮಾತನಾಡಿ. ಅವರ ತವರಿನಿಂದ ಹಕ್ಕು ಬಿಡುಗಡೆಗೆಂದು ಪವರ್ ಆಫ್ ಅಟಾರ್ನಿಯ ಕರಡು ಬಂದಿದ್ದರೆ, ಸಹಿ ಹಾಕುವ ಮೊದಲು ಅದರಲ್ಲಿರುವ ಸರ್ವೆ ನಂಬರುಗಳನ್ನೆಲ್ಲ ಪಹಣಿಯೊಡನೆ ಅವರೇ ಹೋಲಿಸಿ ನೋಡಲಿ. ಹೊರದೇಶದಲ್ಲಿ ಸಹಿಯಾದ ಪತ್ರಕ್ಕೆ ಭಾರತ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕೆಂಬ ನಿಯಮವಿದೆ, ಆದರೆ ಸಹಿ ಹಾಕಲು ಇಂಥ ಯಾವ ಗಡುವೂ ಇಲ್ಲ.