ಸಹಾಯ ಬೇಕು: ಅಪ್ಪನ ಹರ್ನಿಯಾಗೆ ಕರಗುವ ಮೆಶ್ ಹಾಕಿಸಬಹುದಾ?

ಎಲ್ಲರಿಗೂ ನಮಸ್ಕಾರ. ನಾವು ಮೂಡಿಗೆರೆ ಕಡೆಯವರು. ಅಪ್ಪನಿಗೆ ಬಲಗಡೆ ತೊಡೆಸಂದಿಯಲ್ಲಿ ಹರ್ನಿಯಾ ಆಗಿದೆ. ಕೆಮ್ಮಿದರೆ ನಿಂಬೆಹಣ್ಣಿನಷ್ಟು ಉಬ್ಬುತ್ತದೆ, ಮಲಗಿದರೆ ಒಳಗೆ ಹೋಗುತ್ತದೆ. ಹಾಸನದಲ್ಲಿ ತೋರಿಸಿದೆವು. ಪಾಲಿಪ್ರೊಪಿಲೀನ್ ಮೆಶ್, ಅಂದರೆ ಹರ್ನಿಯಾ ಜಾಗಕ್ಕೆ ಆಸರೆಯಾಗಿ ಇಡುವ ಪ್ಲಾಸ್ಟಿಕ್ ಬಲೆ, ಹಾಕೋಣ ಎಂದಿದ್ದಾರೆ ಸರ್ಜನ್. ಅದು ಕರಗುವುದಿಲ್ಲ, ಕೊನೆತನಕ ಒಳಗೇ ಇರುತ್ತದೆ. ಅಪ್ಪನಿಗೆ ಅದೇ ತಲೆಬಿಸಿ. "ಮೈಯೊಳಗೆ ಪ್ಲಾಸ್ಟಿಕ್ ಯಾಕೋ, ಕರಗೋದು ಸಿಗಲ್ವೇನೋ?" ಅಂತ ದಿನಾ ಕೇಳುತ್ತಾರೆ.

ಸಿಗುತ್ತದೆ, ಆದರೆ ಎಲ್ಲ ಒಂದೇ ಥರ ಅಲ್ಲ. ವಿಕ್ರಿಲ್ ಮೆಶ್ ಎರಡು ಮೂರು ತಿಂಗಳಲ್ಲೇ ಕರಗುತ್ತದೆ. ಆಮೇಲೆ ಆಸರೆ ಇರುವುದಿಲ್ಲ, ಹರ್ನಿಯಾ ಮತ್ತೆ ಬರುವ ಭಯ ಜಾಸ್ತಿ. ಫೇಸಿಕ್ಸ್ ಅನ್ನೋ ಮೆಶ್ ಕರಗೋಕೆ 12ರಿಂದ 18 ತಿಂಗಳು ತೆಗೆದುಕೊಳ್ಳುತ್ತದೆ, ಆದರೆ ದುಬಾರಿ. ಅಪ್ಪ ಸುಮ್ನೆ ಕೂರುವವರಲ್ಲ. ಕಾಫಿ ಕೊಯ್ಲು ಶುರುವಾದರೆ ಮೂಟೆಗೆ ಕೈ ಹಾಕೇ ಹಾಕುತ್ತಾರೆ. ನನಗಂತೂ ಡಾಕ್ಟರ್ ಹೇಳಿದ್ದೇ ಸರಿ ಅನಿಸುತ್ತದೆ.

ಹಾಸನ, ಚಿಕ್ಕಮಗಳೂರಲ್ಲಿ ಯಾರಾದರೂ ಕರಗುವ ಮೆಶ್ ಹಾಕಿಸಿದ್ದೀರಾ? ಖರ್ಚು ಎಷ್ಟಾಯಿತು? ಮಾಮೂಲಿ ಮೆಶ್ ಇರುವವರಿಗೆ ವರ್ಷಗಳಾದ ಮೇಲೂ ಚುಚ್ಚಿದ ಹಾಗೆ ನೋವು ಬರುತ್ತಾ? ಅಪ್ಪನ ಜೊತೆ ಫೋನಲ್ಲಿ ಎರಡು ಮಾತಾಡುವವರಿದ್ದರೆ ಇನ್ನೂ ಒಳ್ಳೇದು. ಮಗ ಹೇಳಿದರೆ ಅವರು ಕೇಳುವುದಿಲ್ಲ, ನಿಮ್ಮ ಮನೆಯಲ್ಲೂ ಹಾಗೇ ಅಲ್ವಾ? ಇನ್‌ಬಾಕ್ಸಿಗೆ ಬನ್ನಿ, ನಂಬರ್ ಕೊಡುತ್ತೇನೆ.