ಬಿಲ್ಡಿಂಗಿಗೆ ಬ್ಯಾಂಕ್ ನೋಟಿಸ್: 5ನೇ ತಾರೀಕಿನ ಬಾಡಿಗೆ ಯಾರ ಕೈಗೆ?

ಮನೆ 202
ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಹಾಲು ತರೋಕೆ ಇಳಿದಾಗ ಗೇಟಿನ ಪಕ್ಕದ ಗೋಡೆಗೆ ಅಂಟಿಸಿದ್ದ ಕಾಗದ ನೋಡಿದೆ. ಫೋಟೋ ಹಾಕಿದೀನಿ, ದೊಡ್ಡದು ಮಾಡಿ ಓದಿ. ‘ಸ್ವಾಧೀನ ನೋಟಿಸ್’ ಅಂತಿದೆ. ಓನರ್ ಹೆಸರು, ನಮ್ಮ ಸೈಟಿನ ಚೆಕ್ಕುಬಂದಿ, ಬಾಕಿ 1 ಕೋಟಿ 18 ಲಕ್ಷ ಚಿಲ್ಲರೆ. ಜನವರಿ 12ಕ್ಕೆ ತಗಾದೆ ನೋಟಿಸ್ ಕೊಟ್ಟಿದ್ದರಂತೆ, ದುಡ್ಡು ಬರಲಿಲ್ಲವಂತೆ, ಮೇ 28ಕ್ಕೆ ‘ಸಾಂಕೇತಿಕ ಸ್ವಾಧೀನ’ ತಗೊಂಡಿದಾರಂತೆ. ಓನರಿಗೆ ಆರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಆಮೇಲೆ ಒಂದು ಮೆಸೇಜು: ‘ಏನೂ ಇಲ್ಲ ಮೇಡಂ, ಬ್ಯಾಂಕ್‌ನೋರು ಸುಮ್ನೆ ಹೆದರಿಸ್ತಾರೆ. ಬಾಡಿಗೆ ಮಾತ್ರ ಟೈಮಿಗೆ ಹಾಕಿ.’ ನಾಳಿದ್ದು 5ನೇ ತಾರೀಕು. ಏನ್ ಮಾಡೋಣ?

ಮನೆ 301
ನಾನಂತೂ ಒಂದು ರೂಪಾಯಿ ಹಾಕಲ್ಲ. 15 ಸಾವಿರ ಬಾಡಿಗೆ, ಒಂದೂವರೆ ಲಕ್ಷ ಅಡ್ವಾನ್ಸ್. ಹತ್ತು ತಿಂಗಳು ಕೂತು ಮುರ್ಕೊಂಡು ಹೋಗ್ತೀನಿ. ಲೆಕ್ಕ ಚುಕ್ತಾ.

ನೆಲಮಹಡಿ
ನಮ್ದು ಬಾಡಿಗಿ ಅಲ್ರಿ, ಲೀಸ್. 12 ಲಕ್ಷ ಕೊಟ್ಟೀವ್ರಿ, ಊರಾಗಿನ ಹೊಲ ಮಾರಿ. ತಿಂಗಳಾ ಏನೂ ಕೊಡೂದಿಲ್ಲ. ಬಂದು ನಾಕ ತಿಂಗಳೂ ಆಗಿಲ್ಲ. ನಮ್ಮ ಗತಿ ಏನ್ರಿ?

ಮನೆ 102
ಇವತ್ತಿನ ಪೇಪರಲ್ಲೂ ಬಂದಿದೆ ನೋಡಿ, ಹತ್ತನೇ ಪುಟ, ಟೆಂಡರ್ ಪ್ರಕಟಣೆ ಪಕ್ಕ. ಕನ್ನಡದ್ದೂ ಇಂಗ್ಲಿಷಿಂದೂ ಎರಡರಲ್ಲೂ. ನಮ್ಮನೇಲಿ ಅತ್ತೆ ಆಗಲೇ ಪಾತ್ರೆ ಪ್ಯಾಕ್ ಮಾಡೋಕೆ ಶುರು ಮಾಡಿದಾರೆ.

ಎದುರು ಸಾಲು, ನಿವೃತ್ತ ಬ್ಯಾಂಕ್ ಅಧಿಕಾರಿ
ಅಮ್ಮನವರಿಗೆ ಪಾತ್ರೆ ಬಿಚ್ಚೋಕೆ ಹೇಳಮ್ಮ. ನಾನು ಕೊನೇ ಎಂಟು ವರ್ಷ ವಸೂಲಾತಿ ವಿಭಾಗದಲ್ಲೇ ಇದ್ದೋನು. ಇಂಥ ನೋಟಿಸು ಅಂಟಿಸಿದ ಕೈ ನಂದೇ, ಬೈಯೋದಿದ್ರೆ ಬೈರಿ, ಆಮೇಲೆ ಕೇಳಿ.

ಇದು 2002ರ ಸರ್ಫೇಸಿ ಕಾಯ್ದೆ. ಸಾಲ ಕೆಟ್ಟರೆ ಬ್ಯಾಂಕು ಸಿವಿಲ್ ದಾವೆ ಹೂಡದೇ ಅಡವಿಟ್ಟ ಆಸ್ತಿ ಹಿಡೀಬಹುದು. ಮೊದಲು ಅದರ ಕಲಂ 13(2)ರ ತಗಾದೆ ನೋಟಿಸು, ಕಟ್ಟೋಕೆ 60 ದಿನ. ಕಟ್ಟದಿದ್ರೆ 13(4)ರಲ್ಲಿ ಸ್ವಾಧೀನ. ಈಗ ಗೋಡೆ ಮೇಲಿರೋದು ಅದೇ, ಅದೂ ಕಾಗದದ ಮೇಲಿನ ಸ್ವಾಧೀನ. ನಿಮ್ಮ ಬಾಗಿಲಿಗೆ ಬೀಗ ಹಾಕಬೇಕು ಅಂದ್ರೆ 14ನೇ ಕಲಂ ಕೆಳಗೆ ಮ್ಯಾಜಿಸ್ಟ್ರೇಟ್ ಆದೇಶ ತರ್ತಾರೆ. ಆಗ ಕೋರ್ಟ್ ಕಮಿಷನರ್ ಬರ್ತಾರೆ, ಪೊಲೀಸು ಬರ್ತಾರೆ. ನಾಳೆ ಬೆಳಿಗ್ಗೆ ಯಾರೂ ಬಂದು ಸಾಮಾನು ಬೀದಿಗೆ ಹಾಕಲ್ಲ. ಹಾಗಂತ ವರ್ಷಗಟ್ಟಲೆ ನಡೆಯುತ್ತೆ ಅಂತ ಮಲಗೋದೂ ಬೇಡ.

301ರ ಸಾರ್, ನಿಮ್ಮ ಸಿಟ್ಟು ಸರಿ, ಲೆಕ್ಕ ತಪ್ಪು. ಓನರು ಸಾಲ ಕಟ್ಟಲಿಲ್ಲ ಅಂದ ಮಾತ್ರಕ್ಕೆ ನಿಮ್ಮ ಬಾಡಿಗೆ ಮನ್ನಾ ಆಗಲ್ಲ. ನಿಲ್ಲಿಸಿದ್ರೆ ನೀವೂ ಸುಸ್ತಿದಾರರೇ. ನಾಳೆ ನಿಮ್ಮನ್ನ ಎಬ್ಬಿಸೋಕೆ ಅದೊಂದೇ ಕಾರಣ ಸಾಕು.

ಮನೆ 301
ಅಂಕಲ್, ಓನರಿಗೆ ಹಾಕಿದ್ರೆ ಅದು ಗೋವಿಂದ. ಅಡ್ವಾನ್ಸೂ ಗೋವಿಂದ. ಎರಡೂ ಕಡೆ ನಾನೇ ಕಳ್ಕೋಬೇಕಾ?

ಮೂರನೇ ಕ್ರಾಸ್, ವಕೀಲೆ
ನಾನು ಹೇಳ್ತೀನಿ. ಇದನ್ನ ಎಲ್ಲರೂ ಸೇವ್ ಮಾಡ್ಕೊಳ್ಳಿ, ಪ್ರತಿಯೊಬ್ಬರೂ ನನಗೆ ಬೇರೆ ಬೇರೆ ಫೋನ್ ಮಾಡಬೇಡಿ, ಮಗಳಿಗೆ ಪರೀಕ್ಷೆ.

ಬ್ಯಾಂಕಿನಿಂದ ನಿಮ್ಮ ಹೆಸರಿಗೆ ಕಾಗದ ಬರೋವರೆಗೂ ಬಾಡಿಗೆ ಓನರಿಗೇ. ಆದರೆ ಕೈಗೆ ಬೇಡ, ಅವರ ಖಾತೆಗೇ ಹಾಕಿ, ಯಾವ ತಿಂಗಳದ್ದು, ಯಾವ ಮನೇದು ಅಂತ ಬರೆದು. ಹಾಗೆ ಪ್ರಾಮಾಣಿಕವಾಗಿ ಕೊಟ್ಟ ಬಾಡಿಗೆಯನ್ನ ಆಮೇಲೆ ಇನ್ನೊಬ್ಬರು ಬಂದು ‘ಅದು ನಮ್ಮದು, ಮತ್ತೆ ಕೊಡಿ’ ಅಂದ್ರೆ ಕೊಡಬೇಕಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆ 50ನೇ ಕಲಂ ಇರೋದೇ ಅದಕ್ಕೆ.

ಬ್ಯಾಂಕು ಸುಮ್ಮನಿರಲ್ಲ. ಅಡವಿಟ್ಟ ಆಸ್ತಿಯನ್ನ ಸಾಲಗಾರನಿಂದ ಪಡೆದವರು ಅವನಿಗೆ ಕೊಡಬೇಕಾದ ದುಡ್ಡು ನಮಗೇ ಕಟ್ಟಿ ಅಂತ ಸರ್ಫೇಸಿಯ 13(4)(ಡಿ) ಪ್ರಕಾರ ಬರವಣಿಗೆಯಲ್ಲಿ ಕೇಳಬಹುದು. ಅಂಥ ಕಾಗದ ಬಂದ ಮೇಲೂ ಓನರಿಗೆ ಹಾಕಿದ್ರೆ ‘ಗೊತ್ತಿರಲಿಲ್ಲ’ ಅನ್ನೋ ಮಾತು ನಡೆಯಲ್ಲ. ಬ್ಯಾಂಕಿಗೆ ಕಟ್ಟಿದ್ರೆ ಓನರಿಗೆ ಕೊಟ್ಟ ಹಾಗೇ ಲೆಕ್ಕ, 13(5) ಹಾಗಂತ ಹೇಳುತ್ತೆ. ಕಾಗದ ಬಂದ ದಿನ ನನಗೆ ತೋರಿಸಿ, ಇಬ್ಬರಿಗೂ ಒಂದೊಂದು ಪತ್ರ ಬರೆದೇ ಕಟ್ಟೋಣ. ನಡುವೆ ಗೊಂದಲ ಆಯ್ತು ಅನ್ಕೊಳ್ಳಿ, ಆ ತಿಂಗಳ ದುಡ್ಡನ್ನ ಮುಟ್ಟದೇ ಬೇರೆ ಖಾತೇಲಿ ಇಟ್ಟಿರಿ. ಖರ್ಚು ಮಾಡ್ಕೊಂಡು ಆಮೇಲೆ ಒಟ್ಟಿಗೆ ಕೊಡ್ತೀನಿ ಅನ್ನೋರನ್ನ ತುಂಬ ಜನ ನೋಡಿದೀನಿ.

ಅಡ್ವಾನ್ಸಲ್ಲಿ ಮುರ್ಕೊಳ್ಳೋದು ಒಳ್ಳೇ ಯೋಚನೆಯೇ, ಓನರು ಬರೆದುಕೊಟ್ರೆ. ವಾಟ್ಸಾಪಲ್ಲಿ ‘ಆಯ್ತು’ ಅಂದ್ರೂ ಒಂದು ಆಧಾರ. ಬ್ಯಾಂಕು ಬಾಡಿಗೆ ಕೇಳೋಕೆ ಶುರು ಮಾಡಿದ ಮೇಲೆ ಒಪ್ಪಿಸೋದು ಕಷ್ಟ, ಅಡ್ವಾನ್ಸ್ ತಗೊಂಡಿದ್ದು ನಾವಲ್ಲ ಅಂತಾರೆ. ಹಾಗಾಗಿ ಇವತ್ತೇ ಕೇಳಿ.

ಔಟ್‌ಹೌಸ್ (ಅಜ್ಜಿ ಪರವಾಗಿ ಮೊಮ್ಮಗ)
ಮೇಡಂ, ಅಜ್ಜಿ ಇಲ್ಲಿ 22 ವರ್ಷದಿಂದ ಇದಾರೆ. ಈಗಿನ ಓನರ್ ತಂದೆ ಕಾಲದಿಂದ. ಬಾಡಿಗೆ ಮೂರು ಸಾವಿರ. ಕರಾರು ಪತ್ರ ಇಲ್ಲ.

ವಕೀಲೆ
ರಸೀತಿ ಇದೆಯೇನಪ್ಪ?

ಔಟ್‌ಹೌಸ್
ಬಿಸ್ಕತ್ ಡಬ್ಬಿ ತುಂಬ ಇದೆ. ಮೊದಲನೇದರ ಮೇಲೆ ರೆವಿನ್ಯೂ ಸ್ಟ್ಯಾಂಪೂ ಇದೆ.

ವಕೀಲೆ
ಆ ಡಬ್ಬಿ ಅಜ್ಜಿ ತಲೆದಿಂಬಿನ ಕೆಳಗಿರಲಿ. ಇಡೀ ಬಿಲ್ಡಿಂಗಲ್ಲಿ ಗಟ್ಟಿ ನೆಲದ ಮೇಲೆ ನಿಂತಿರೋರು ಅವರೊಬ್ಬರೇ ಇರಬಹುದು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಲ್ಲಿ 3,500ಕ್ಕಿಂತ ಹೆಚ್ಚು ಬಾಡಿಗೆಯ ಮನೆಗಳಿಗೆ ಅನ್ವಯಿಸಲ್ಲ, ಅಂದ್ರೆ ನೀವೆಲ್ಲ ಹೊರಗೆ, ಅಜ್ಜಿ ಒಳಗೆ. ಬಾಡಿಗೆ ಕಾಯ್ದೆಯ ರಕ್ಷಣೆ ಇರೋ ಬಾಡಿಗೆದಾರರನ್ನ ಸರ್ಫೇಸಿ ಹೆಸರಲ್ಲಿ ಎಬ್ಬಿಸೋಕಾಗಲ್ಲ ಅಂತ ಸುಪ್ರೀಂ ಕೋರ್ಟ್ 2016ರಲ್ಲಿ ವಿಶಾಲ್ ಕಲ್ಸಾರಿಯಾ ಪ್ರಕರಣದಲ್ಲಿ ಹೇಳಿತು. 2019ರಲ್ಲಿ ಬಜರಂಗ್ ಅಗರ್‌ವಾಲ್ ಪ್ರಕರಣದಲ್ಲಿ ಅದನ್ನ ಬಿಗಿ ಮಾಡಿತು: ಅಡವಿಗೆ ಮುಂಚೆಯಿಂದಲೂ ಇದ್ದೆ ಅನ್ನೋದಕ್ಕೆ ದಾಖಲೆ ಬೇಕು, ಬರೀ ಬಾಯಿಮಾತು ಸಾಲದು. ಹಳೇ ಕರೆಂಟ್ ಬಿಲ್ಲು, ರೇಷನ್ ಕಾರ್ಡು ಏನಿದೆಯೋ ಎಲ್ಲ ಹುಡುಕಿ.

ಮನೆ 203
ಈಗಷ್ಟೇ ಒಬ್ಬ ಬಂದಿದ್ದ, ಕೊರಳಿಗೆ ಐಡಿ ಕಾರ್ಡು. ಬ್ಯಾಂಕಿನವನು, ಈ ತಿಂಗಳ ಬಾಡಿಗೆ ಕ್ಯಾಶ್ ಕೊಡಿ ಅಂದ. ಯಜಮಾನ್ರು ಮನೇಲಿಲ್ಲ ಅಂದೆ, ಸಂಜೆ ಬರ್ತೀನಿ ಅಂತ ಹೋದ.

ನಿವೃತ್ತ ಬ್ಯಾಂಕ್ ಅಧಿಕಾರಿ
ಕೊಡಬೇಡಮ್ಮ! ಯಾವ ಬ್ಯಾಂಕೂ ಮನೆ ಬಾಗಿಲಲ್ಲಿ ನಿಂತು ಬಾಡಿಗೆ ಎಣಿಸ್ಕೊಳ್ಳಲ್ಲ. ಈ ಕೆಲಸಕ್ಕೆ ‘ಅಧಿಕೃತ ಅಧಿಕಾರಿ’ ಅಂತ ಒಬ್ಬರು ಇರ್ತಾರೆ, ಗೋಡೆ ನೋಟಿಸಿನ ಕೆಳಗೆ ಅವರದ್ದೇ ಸಹಿ. ಅವರ ಸಹಿ ಇರೋ ಕಾಗದ, ಸಾಲದ ಖಾತೆ ನಂಬರು, ಇಷ್ಟಿಲ್ಲದೇ ಒಂದು ಬಿಡಿಗಾಸೂ ಬೇಡ. ಅವನು ಕೊಟ್ಟ ಕಾರ್ಡಿನ ನಂಬರಿಗೆ ಮಾಡಬೇಡಿ, ಶಾಖೆಗೇ ಹೋಗಿ ವಿಚಾರಿಸಿ. ಸಂಜೆ ಅವನು ಬಂದಾಗ ನನಗೆ ಒಂದು ಫೋನ್ ಕೊಡಿ, ಲುಂಗೀಲೇ ಬರ್ತೀನಿ.

ನೆಲಮಹಡಿ
ಎಲ್ಲಾರೂ ಬಾಡಿಗಿ ಬಗ್ಗೆನ ಮಾತಾಡಾಕತ್ತೀರಿ. ನಮ್ಮ 12 ಲಕ್ಷದ ಬಗ್ಗೆ ಯಾರಾದ್ರೂ ಹೇಳ್ರಿ.

ವಕೀಲೆ
ಕ್ಷಮಿಸಿ ಅಕ್ಕಾ. ನಿಮ್ಮದೇ ಕಷ್ಟದ್ದು, ಅದಕ್ಕೇ ಹಿಂದೇಟು ಹಾಕಿದೆ. ಪತ್ರ ಯಾವ ತಾರೀಕಿಂದು? ರಿಜಿಸ್ಟರ್ ಆಗಿದೆಯಾ?

ನೆಲಮಹಡಿ
ಫೆಬ್ರವರಿ 20. ಮೂರು ವರ್ಷಕ್ಕ. ಬರೇ ನೋಟರಿ ಮಾಡ್ಸಿದ್ರು. ಬ್ರೋಕರ್ ‘ಎಲ್ಲಾರೂ ಹಿಂಗ ಮಾಡ್ತಾರ’ ಅಂದ.

ವಕೀಲೆ
ಒಂದು ವರ್ಷ ಮೀರಿದ ಲೀಸ್ ನೋಂದಣಿ ಆಗಲೇಬೇಕು, ನೋಟರಿ ಸೀಲು ಆ ಕೆಲಸ ಮಾಡಲ್ಲ. ಅದಕ್ಕಿಂತ ದೊಡ್ಡದು ತಾರೀಕು. ಬ್ಯಾಂಕಿನ ತಗಾದೆ ಜನವರಿ 12. ಅದಾದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೇ ಓನರು ಯಾರಿಗೂ ಲೀಸ್ ಕೊಡೋ ಹಾಗಿಲ್ಲ, 13(13). ಗೊತ್ತಿದ್ದೂ ನಿಮ್ಮ ಹತ್ರ ದುಡ್ಡು ತಗೊಂಡಿದಾರೆ. ಡಿಆರ್‌ಟಿ, ಅಂದ್ರೆ ಸಾಲ ವಸೂಲಾತಿ ನ್ಯಾಯಮಂಡಳಿ, 17(4ಎ) ಕೆಳಗೆ ಬಾಡಿಗೆದಾರರ ಅಹವಾಲು ಕೇಳುತ್ತೆ. ಆದರೆ ಲೀಸ್ ತಗಾದೆ ನೋಟಿಸಿನ ನಂತರದ್ದಾ ಅನ್ನೋದನ್ನೂ ಅಲ್ಲಿ ನೋಡ್ತಾರೆ. ಮನೆ ಉಳಿಯುತ್ತೆ ಅಂತ ನಿಮಗೆ ಸುಳ್ಳು ಹೇಳಲ್ಲ. ದುಡ್ಡಿಗೆ ಬಡಿದಾಡೋಣ: ಓನರ ಮೇಲೆ ವಂಚನೆ ದೂರು, ಭಾರತೀಯ ನ್ಯಾಯ ಸಂಹಿತೆ 318, ಜೊತೆಗೆ ಸಿವಿಲ್ ದಾವೆ. ಹರಾಜಲ್ಲಿ ಬ್ಯಾಂಕಿನ ಬಾಕಿ ತೀರಿ ಉಳಿದ ಹಣ ಓನರಿಗೆ ಹೋಗೋ ಮುಂಚೆ ಅದರ ಮೇಲೆ ಕೋರ್ಟಿನ ತಡೆ ತರೋಕೆ ನೋಡಬೇಕು. ಹೆಂಗಸರಿಗೆ ಆದಾಯ ಎಷ್ಟೇ ಇದ್ರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗ್ತಾರೆ, 15100ಕ್ಕೆ ಫೋನ್ ಮಾಡಿ. ಲೀಸ್ ಪತ್ರ ನಿಮ್ಮ ಹೆಸರಲ್ಲೇ ಇದೆ ತಾನೇ?

ನೆಲಮಹಡಿ
ಹೌದ್ರಿ, ನನ್ನ ಹೆಸರಿಲೇ ಐತಿ.

ವಕೀಲೆ
ಒಳ್ಳೇದಾಯ್ತು. ನಾಳೆ ಹತ್ತಕ್ಕೆ ಸ್ಟೇಷನ್ನಿಗೆ ನಾನೂ ಬರ್ತೀನಿ. ದುಡ್ಡು ಹೋದ ಬ್ಯಾಂಕ್ ಸ್ಟೇಟ್‌ಮೆಂಟ್ ತನ್ನಿ. ಉಳಿದೋರೂ ನೋಡ್ಕೊಳ್ಳಿ, ಡಿಆರ್‌ಟಿಗೆ ಹೋಗೋಕೆ 45 ದಿನ. ಮೇ 28ರಿಂದ ಎಣಿಸಿದ್ರೆ ಜುಲೈ 12.

ಮನೆ 202
ಭಾನುವಾರ 11ಕ್ಕೆ ಟೆರೇಸಲ್ಲಿ ಸೇರೋಣ. ಬ್ಯಾಂಕಿಗೆ ಒಂದೇ ಪತ್ರ: ಯಾವ ಮನೇಲಿ ಯಾರು, ಎಂದಿನಿಂದ, ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು. ಕರಾರಿನ ಜೆರಾಕ್ಸ್ ತನ್ನಿ. ಮೋಟಾರ್ ಕೆಟ್ಟು ನಾಲ್ಕು ದಿನ ಆಯ್ತು, ಓನರ್ ರಿಪೇರಿ ಮಾಡಿಸೋ ಥರ ಕಾಣಲ್ಲ, ಮನೆಗೆ 500 ಹಾಕಿ ಮಾಡಿಸೋಣ. ರಸೀತಿ ಇಟ್ಕೊಳ್ತೀನಿ.

ಮನೆ 301
500 ಕಳಿಸಿದೆ. ಬಾಡಿಗೆ ವಿಷಯ ಓನರಿಗೆ ಮೆಸೇಜ್ ಹಾಕಿದೀನಿ, ಅಡ್ವಾನ್ಸಲ್ಲಿ ಹಿಡ್ಕೊಳ್ಳಿ ಅಂತ. ನೀಲಿ ಟಿಕ್ ಬಂತು, ಉತ್ತರ ಬಂದಿಲ್ಲ. 5ರ ರಾತ್ರಿವರೆಗೆ ಕಾಯ್ತೀನಿ, ಬರದಿದ್ರೆ ಹಾಕಿಬಿಡ್ತೀನಿ.

ನಾಲ್ಕನೇ ಕ್ರಾಸ್, ಹಸಿರು ಗೇಟಿನ ಮನೆ
ಇಷ್ಟು ಹೊತ್ತು ಸುಮ್ನೆ ಓದ್ತಿದ್ದೆ. ನಮ್ಮ ಓನರೂ ಅವರೇ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ನಮ್ಮ ಮನೆ ಇಸಿ, ಅಂದ್ರೆ ಋಣಭಾರ ಪತ್ರ ತೆಗೆದೆ. ಹಕ್ಕುಪತ್ರ ಠೇವಣಿ ಅಂತ ಒಂದು ಸಾಲಿದೆ, ಅಂದ್ರೆ ಇದನ್ನೂ ಅಡವಿಟ್ಟಿದಾರೆ, ಅದೇ ಬ್ಯಾಂಕು. ನಾವೂ ಲೀಸಲ್ಲೇ ಇರೋದು.

ನಿವೃತ್ತ ಬ್ಯಾಂಕ್ ಅಧಿಕಾರಿ
ಭಾನುವಾರ ನೀವೂ ಬನ್ನಿ. ಇಸಿ ಪ್ರಿಂಟು ತನ್ನಿ, ಅಲ್ಲಿವರೆಗೆ ಆ ಓನರಿಗೆ ಇನ್ನೊಂದು ರೂಪಾಯಿ ಲೀಸ್ ದುಡ್ಡು ಸೇರಿಸಬೇಡಿ.